ಚಿಗವ್ವ ಬಂದಳು

ನೌಬಾದದಾಚೆಯ ಹೊಲದಲ್ಲಿದ್ದ ಪ್ಲೇಗಿನ ಗುಡಿಸಲಿಗೆ ತಹಸೀಲಿನ ಜವಾನರು ಬೆಂಕಿಯಿಟ್ಟ ಮೇಲೆ ಭಾಲ್ಕಿಯಿಂದ ಸುಮಿತ್ರಾಬಾಯಿ ಬಂದಳು. ಅಕ್ಕ ಈರಮ್ಮ ಮಣ್ಣಾಗಿ ಆಗಲೇ ಐದು ದಿನ. ಉಳಿದವಳು ಅಕ್ಕನ ಮಗಳು ಶಿವಕಾಂತಾ ಒಬ್ಬಳೇ. ಹದಿನಾಲ್ಕರ ಹುಡುಗಿ, ತಂದೆಯ ಮುಖದ ನೆನಪೂ ಇಲ್ಲದವಳು. ಬೇವಿನ ಮರದ ಕೆಳಗೆ ಕೂತಿದ್ದವಳು ಚಿಗವ್ವನನ್ನು ಕಂಡು ಎದ್ದು ನಿಂತಳು. ಅಳಲಿಲ್ಲ. ಉಟ್ಟ ಬಟ್ಟೆಯಲ್ಲೇ ಬಂಡಿ ಹತ್ತಿದಳು.

ಬಂಡಿ ಹೊಡೆಯುತ್ತಿದ್ದವನು ಅಬ್ದುಲ ಗಫೂರ. ಎಂಟು ದಿನದ ಹಿಂದೆ ಸುದ್ದಿ ಹೊತ್ತು ಭಾಲ್ಕಿಗೆ ಬಂದಿದ್ದವನೂ ಅವನೇ. "ಅಕ್ಕನ ಬಗಲಾಗ ಗಂಟ ಎದ್ದದ್ರಿ, ನಿಮ್ಮನ್ನ ನೋಡಬೇಕಂತಾಳ" ಎಂದಿದ್ದ. ಸುಮಿತ್ರಾಬಾಯಿ ಹೊಸ್ತಿಲ ಒಳಗೇ ನಿಂತು, "ನನಗೂ ಜ್ವರ ಬಂದಾವ ಅಂತ ಹೇಳು" ಎಂದು ಕಳಿಸಿದ್ದಳು. ಆಗ ಅವಳ ಕೈಯಲ್ಲಿ ರೊಟ್ಟಿಯ ಹಿಟ್ಟು ಇನ್ನೂ ಹಸಿಯಾಗಿತ್ತು. ಗಫೂರ ಅದನ್ನು ನೋಡಿದ್ದ. ಇವತ್ತು ಅವನು ಎತ್ತುಗಳ ಬೆನ್ನು ಬಿಟ್ಟು ಬೇರೆ ಕಡೆ ಕಣ್ಣು ಹಾಯಿಸಲಿಲ್ಲ.

"ಅತ್ತುಬಿಡವ್ವ, ಎದಿ ಹಗುರ ಆಗ್ತದ" ಎಂದಳು ಸುಮಿತ್ರಾಬಾಯಿ. "ಇನ್ನ ನಾನೇ ನಿಮ್ಮವ್ವ."

ಹುಡುಗಿ ತಿರುಗಿ ಅವಳ ಮುಖ ನೋಡಿದಳು. "ನಿಮ್ಮ ಜ್ವರ ಇಳೀತೇನ್ರಿ ಚಿಗವ್ವ?"

ಗಫೂರನ ಬಾರುಕೋಲು ಅರೆಗಳಿಗೆ ತಡೆಯಿತು.

"ಹೂಂ... ಇಳೀತು."

"ನಾ ಒಂದು ಸುಳ್ಳ ಹೇಳೀನ್ರಿ. ಬೈಬ್ಯಾಡ್ರಿ."

"ಯಾರಿಗಿ?"

"ಅವ್ವಗ. ಕಡೀ ದಿನ ಆಕಿಗಿ ಕಣ್ಣ ಕಾಣವಲ್ದಾಗಿತ್ತು. ಸುಮಿ ಬಂದ್ಲೇನ, ಸುಮಿ ಬಂದ್ಲೇನ ಅಂತ ಒಂದೇ ಸವನ ಕೇಳ್ತಿದ್ಲು. ನಿಮಗೂ ಜ್ವರ ಅಂತ ಹ್ಯಾಂಗ ಹೇಳ್ಲಿ? ಮನಸಿಗಿ ಹಚ್ಚಕೋತಿದ್ಲು. ಅದಕ್ಕ ನಾನೇ ಆಕಿ ಕೈ ಹಿಡ್ಕೊಂಡು, ನಿಮ್ಮ ದನಿ ಮಾಡಿ, ಅಕ್ಕಾ, ಬಂದೀನಿ ಅಂದೆ."

"ನಂಬಿದ್ಲೇನು?"

"ನಂಬಿದ್ಲು. ನನ್ನ ಬೆರಳ ಸವರಿ ನೋಡಿ, ಯಾಕ ಸುಮಿ, ಕೈ ಇಷ್ಟ ಸಣ್ಣ ಆಗ್ಯಾವ, ಹೊಟ್ಟಿತುಂಬ ಉಣ್ಣವಲ್ಲೇನು ಅಂದ್ಲು. ಉಣ್ತೀನಿ ಅಕ್ಕಾ ಅಂದೆ. ಆಮ್ಯಾಲ ಹಿಡಿದ ಕೈ ಬಿಡಲೇ ಇಲ್ಲ."

ಅಷ್ಟು ಹೇಳುವಷ್ಟರಲ್ಲಿ ಹುಡುಗಿಗೆ ಐದು ದಿನದ ಅಳು ಒಮ್ಮೆಲೇ ಉಕ್ಕಿ ಬಂತು. ಗಫೂರ ಬಂಡಿ ನಿಲ್ಲಿಸಿ ಕೆಳಗಿಳಿದ. ಎತ್ತುಗಳ ಮುಂದೆ ಹೋಗಿ ದಾರಿಯ ಕಡೆ ಮುಖ ಮಾಡಿ ನಿಂತ.

ನನಗೆ ಜ್ವರ ಇರಲಿಲ್ಲ ಎಂಬ ಮಾತು ಸುಮಿತ್ರಾಬಾಯಿಯ ನಾಲಿಗೆಯ ತುದಿಗೆ ಬಂತು, ಅಲ್ಲೇ ಉಳಿಯಿತು. ಬಿಕ್ಕುತ್ತ ಬಿಕ್ಕುತ್ತ ಹುಡುಗಿ, ಹಿಡಿದುಕೊಳ್ಳಲು ಚಿಗವ್ವನ ಕೈ ತಡಕಾಡಿದಳು.

ಸುಮಿತ್ರಾಬಾಯಿ ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಿದ್ದಳು.