ಕೌದಿಯ ಕೆಳಗೆ

ಬಜೆಯ ವಾಸನೆ ಮೂಗಿಗೆ ಬಡಿದರೆ ಸಾಕು, ಶಹಾಬಾದಿನ ನಮ್ಮ ಮನೆಯ ತಣ್ಣನೆಯ ಕಲ್ಲುಹಾಸಿನ ಮೇಲೆ ಕಳೆದ ಆ ಮಧ್ಯಾಹ್ನಕ್ಕೆ ಹೋಗಿಬಿಡುತ್ತೇನೆ.

ನಾನಾಗ ಒಂದನೇತ್ತೆ ಓದುತ್ತಿದ್ದ ಹುಡುಗಿ. ತಮ್ಮನಿಗೆ ವರ್ಷ ತುಂಬಿತ್ತು. ಬೇಗ ಮಾತು, ಬುದ್ಧಿ ಬರಲೆಂದು ಆಯಿ, ಅಂದರೆ ನಮ್ಮ ಅಜ್ಜಿ, ಅವ್ವನ ಎದೆಹಾಲಿನಲ್ಲಿ ಬಜೆ ತೇಯ್ದು ಅವನ ನಾಲಿಗೆಗೆ ಸವರುತ್ತಿದ್ದಳು. ಅವನು ಮುಖ ಕಿವುಚುತ್ತಿದ್ದ, ಅಷ್ಟೆ. ಪಕ್ಕದ ಮನೆಯ ಕೂಸು ಅವನಿಗಿಂತ ಚಿಕ್ಕದು. ಬಚ್ಚಿಟ್ಟ ಬಿಸ್ಕೀಟನ್ನು ಅದು ಹುಡುಕಿ ತೆಗೆದದ್ದನ್ನು ಅವ್ವ ಅವತ್ತು ಬೆಳಿಗ್ಗೆಯಷ್ಟೇ ನೋಡಿ ಬಂದಿದ್ದಳು.

ಮಧ್ಯಾಹ್ನವಿಡೀ ಅವ್ವ ಅವನೆದುರು ಗಿಲಕಿ ಆಡಿಸಿ, ತಾನು ಹೊದೆಯುವ ಕೌದಿಯ ಕೆಳಗೆ ಮುಚ್ಚಿಟ್ಟಳು. ಗಿಲಕಿ ಕಾಣುವತನಕ ಕೈ ಚಾಚುತ್ತಿದ್ದವನು, ಮುಚ್ಚಿದ ಕೂಡಲೇ ಮರೆತು ಬೆರಳು ಚೀಪುತ್ತ ಕೂರುತ್ತಿದ್ದ.

“ಎತ್ತೋ ನನ್ನಪ್ಪಾ, ಇಲ್ಲೇ ಅದ ನೋಡೋ,” ಎಂದು ಅವ್ವ ಮತ್ತೆ ಮುಚ್ಚಿದಳು.

“ಸಾಕ್ ಬಿಡವಾ, ಯಾಕ ಅಷ್ಟ್ ಕಾಡ್ತಿ ಕೂಸಿಗಿ? ಕೆಲವಕ್ಕ ಭಾಳ ತಡಾ ಆಗ್ತದ,” ಎಂದಳು ಆಯಿ.

ನನಗೆ ಹೊಳೆದದ್ದನ್ನು ನಾನು ಕೇಳಿಯೇಬಿಟ್ಟೆ: “ಅವ್ವಾ, ನೀ ಅಡಗಿಮನಿಗಿ ಹೋದ್ರ ಇವನ ಪಾಲಿಗಿ ನೀನೂ ಇಲ್ಲದಂಗೇನು?”

ಅವ್ವನ ಕೈಯಿಂದ ಗಿಲಕಿ ಜಾರಿತು. ಅವತ್ತು ಸಂಜೆಯೇ ಸ್ಟೋವನ್ನು ಪಡಸಾಲೆಗೆ ತಂದು, ಅವನ ಕಣ್ಣೆದುರೇ ರೊಟ್ಟಿ ಬಡಿದಳು. ಆಮೇಲೆ ಅವಳು ಒಳಗೆ ಕೂತು ಅಡುಗೆ ಮಾಡಿದ್ದನ್ನು ನಾನು ಕಾಣೆ.

ಹೋದ ವರ್ಷ ಅವ್ವ ತೀರಿಕೊಂಡಳು. ಗಡ್ಡ ನೆರೆತ ತಮ್ಮ ಈಗ ದಿನಾ ಅವಳ ಕೌದಿ ಎತ್ತಿ ನೋಡುತ್ತಾನೆ, ಮುಚ್ಚುತ್ತಾನೆ, ಮತ್ತೆ ಎತ್ತುತ್ತಾನೆ.