ಅವ್ವ ಮೊದಲು ಉಂಡ ದಿನ

ಮೊಮ್ಮಗಳು ಮೀನು ಹುರಿದು ಕೈಯಾರೆ ತಿನ್ನಿಸುತ್ತಿದ್ದಾಳೆ, ನನ್ನ ಖುಷಿ ಹೇಳತೀರದು. ಆದರೆ ಈ ವಾಸನೆಗೆ ಅವ್ವ ನೆನಪಾಗುತ್ತಾಳೆ.

ನಾನು ಚಿಕ್ಕವಳಿದ್ದಾಗ ಜಡ್ಡು ಬಿದ್ದಿದ್ದ ಅವ್ವನನ್ನು ಚಪಳಗಾಂವದಿಂದ ಸೊಲ್ಲಾಪುರದ ಡಾಕ್ಟರರಲ್ಲಿಗೆ ಕರೆದೊಯ್ದೆವು. "ಇನ್ನ ಔಷಧ ನಾಟೂದಿಲ್ಲ. ಆಕಿ ಏನ್ ಬೇಡತಾಳ, ಅದನ್ನ ಉಣಸ್ರಿ" ಎಂದರು ಡಾಕ್ಟರು. ಅವ್ವ ಸಮುದ್ರದ ಮೀನು ಬೇಡಿದಳು. ಅಪ್ಪ ನಮ್ಮನ್ನು ಹಳೇ ಪೇಟೆಯಲ್ಲಿ ಅಜ್ಜನ ಕಾಲದಿಂದಿದ್ದ ಮೀನಿನ ಖಾನಾವಳಿಗೆ ಕರೆದೊಯ್ದ.

ಮನೆಯಲ್ಲಿ ಯಾವಾಗಲೂ ಅಪ್ಪ ಉಂಡೆದ್ದ ಮೇಲೆ ಅದೇ ತಾಟಿನಲ್ಲಿ ಅವ್ವ ಉಣ್ಣುತ್ತಿದ್ದಳು. ಅಂದು ಅಪ್ಪ ತಾಟನ್ನು ಅವಳ ಮುಂದೆ ಸರಿಸಿದ.

"ನೀ ಮೊದಲ ಉಣ್ಣು."

"ಮಂದಿ ನೋಡಿ ನಗತಾರ್ರಿ."

"ನಗಲಿ ಬಿಡು. ಮುಳ್ಳು ನೋಡ್ಕೊಂಡ ತಿನ್ನು, ಕುರಿ ಎಲುಬಲ್ಲ ಅದು."

ಅವ್ವ ನಕ್ಕಳು. ಎರಡು ತುತ್ತು ತಿಂದು ಸಾಕೆಂದಳು.

ಅಪ್ಪ ತಾಟನ್ನು ತನ್ನತ್ತ ಎಳೆದುಕೊಂಡು, ಅವಳು ಬಿಟ್ಟಿದ್ದನ್ನೆಲ್ಲ ತಲೆ ಎತ್ತದೆ ಉಂಡ.