ಗೂಡಿನ ಟ್ರೇಲರಿನಲ್ಲಿ ಅಜ್ಜಿ

ನಾನು ನಾಲ್ಕನೇ ತರಗತಿ ಮುಗಿಸಿದ ಬೇಸಿಗೆಯ ಒಂದು ಸೋಮವಾರ, ಕೂಟಗಲ್ಲಿನಿಂದ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೊರಟ ನಮ್ಮ ಸ್ಕೂಟರ್ ಇಳಿಜಾರಿನಲ್ಲಿ ಅಪ್ಪನ ಹಿಡಿತ ತಪ್ಪಿತು. ಹಿಂದೆ ಕಟ್ಟಿದ್ದ ಎರಡು ಚಕ್ರದ ಪುಟ್ಟ ಟ್ರೇಲರಿನಲ್ಲಿ ಅಜ್ಜಿ ಕೂತಿದ್ದರು. ಬ್ರೇಕ್ ಸುಟ್ಟ ವಾಸನೆ ಎಲ್ಲಿ ಬಂದರೂ ಈಗಲೂ ನನ್ನ ಕೈ ಪಕ್ಕದಲ್ಲಿರುವುದನ್ನು ಹಿಡಿದುಕೊಳ್ಳುತ್ತದೆ.

ರೇಷ್ಮೆಗೂಡು ನಲುಗಿದರೆ ಹರಾಜಿನಲ್ಲಿ ಕೇಳುವವರಿಲ್ಲ. ಅದಕ್ಕೇ ಗೂಡಿನ ಚೀಲಗಳನ್ನು ಮುಂದೆ ಜೋಡಿಸಿ, ಅಜ್ಜಿ ತೀರಾ ಹಿಂದಿನ ಅಂಚಿನಲ್ಲಿ ಕೂತರು.

"ಒಸಿ ಮುಂದಕ್ಕೆ ಬಾರವ್ವ, ಹಿಂದೆ ಭಾರ ಆಯ್ತದೆ," ಅಂದರು ಅಪ್ಪ.

"ಗೂಡಿನ ಮ್ಯಾಲೆ ಕುಂತ್ಕಂಡ್ರೆ ಆಮ್ಯಾಕೆ ಹರಾಜ್ಗೆ ನನ್ನೇ ಇಡ್ತೀಯೇನ್ಲಾ? ನಡಿ," ಅಂದರು ಅಜ್ಜಿ.

ನಾನು ಅಪ್ಪನ ಬೆನ್ನ ಹಿಂದೆ ಕೂತಿದ್ದೆ. ಇಳಿಜಾರು ಶುರುವಾದಾಗ ಹಿಂದಿನ ಭಾರಕ್ಕೆ ಟ್ರೇಲರಿನ ಮೂತಿ ಮೇಲೆದ್ದು, ಯಾರೋ ಕೆಳಗಿನಿಂದ ಎತ್ತಿದಂತೆ ಸೀಟು ಹಗುರಾಯಿತು. ಟ್ರೇಲರ್ ಎಡಕ್ಕೆ ಹೊಯ್ದಾಡಿತು, ಬಲಕ್ಕೆ ಇನ್ನೂ ಜೋರಾಗಿ. ಅಪ್ಪ ಒತ್ತಿ ಹಿಡಿದ ಬ್ರೇಕ್ ಸುಟ್ಟ ವಾಸನೆ ಬಂತು. ನಾನು ಹಿಡಿದಿದ್ದ ಅಪ್ಪನ ಅಂಗಿ ಬೆವರಿನಿಂದ ಒದ್ದೆಯಾಗಿತ್ತು.

"ಅವ್ವಾ, ಮುಂದಕ್ಕೆ ಸರಿ! ಗೂಡು ಹಾಳಾಗೋಗ್ಲಿ!"

ತಿರುಗಿ ನೋಡಿದೆ. ಅಜ್ಜಿ ಎರಡೂ ಕೈಯಲ್ಲಿ ಹಲಗೆ ಹಿಡಿದು ಕಣ್ಣು ಮುಚ್ಚಿದ್ದರು. ಅಲುಗಲಿಲ್ಲ.

"ಅಜ್ಜೀ, ನಂಗೆ ಭಯ ಆಯ್ತದೆ, ಬಾ!" ಎಂದು ಕಿರುಚಿದೆ.

ಅವರು ಕಣ್ಣು ಬಿಟ್ಟು ನನ್ನನ್ನು ನೋಡಿದರು. ಕೈಬಿಟ್ಟು ಚೀಲಗಳ ಮೇಲೆ ಬೋರಲು ಬಿದ್ದರು. ಗೂಡು ನಲುಗಿದ ಸದ್ದು ಕೇಳಿಸಿತು. ಭಾರ ಮುಂದಕ್ಕೆ ಬಂದದ್ದರಿಂದ ಹೊಯ್ದಾಟ ನಿಧಾನವಾಗಿ ನಿಂತಿತು. ಅಪ್ಪ ಇಳಿಜಾರಿನ ಕೊನೆಯಲ್ಲಿ ಸ್ಕೂಟರ್ ನಿಲ್ಲಿಸಿ ರಸ್ತೆಯ ಮೇಲೇ ಕೂತುಬಿಟ್ಟರು.

ಅಜ್ಜಿ ತೀರಿಕೊಂಡು ಆರು ವರ್ಷವಾಯಿತು. ಅಪ್ಪ ಈಗಲೂ ಆ ಇಳಿಜಾರಿನಲ್ಲಿ ಸ್ಕೂಟರಿನಿಂದ ಇಳಿದು ತಳ್ಳಿಕೊಂಡು ಹೋಗುತ್ತಾರೆ, ಹಿಂದೆ ಟ್ರೇಲರ್ ಇಲ್ಲದಿದ್ದರೂ.